ಭಯವಿಲ್ಲದ ಬಡಾವಣೆ

ಆ ಊರಲ್ಲಿ ಏರಿಯಾಕ್ಕೊಂದು ಗುಣ. ಸ್ಟೇಷನ್ ಪಕ್ಕ ಯಾರಿಗೂ ನಿದ್ದೆ ಬರುವುದಿಲ್ಲ, ಕೆರೆಯ ಹಿಂದೆ ಯಾರಿಗೂ ರುಚಿ ತಿಳಿಯುವುದಿಲ್ಲ. ವರ್ಗವಾಗಿ ಬಂದು ಮನೆ ಹುಡುಕುತ್ತಿದ್ದ ಮರೀಗೌಡ ಬೆಳಗಿನಿಂದ ಅವೆರಡನ್ನೂ ಬಾಯಿಗೆ ಬಂದಂತೆ ಬೈದು, ಹೆಂಡತಿ ಲಲಿತಮ್ಮನ ಜೊತೆ ಮೂರನೆಯದಕ್ಕೆ ಬಂದಿದ್ದ.

"ಇಲ್ಲಿ ಭಯ ಅನ್ನೋದು ಬರಲ್ಲ ಸಾರ್, ಅಷ್ಟೇ," ಎಂದ ಬ್ರೋಕರ್. ಯಾವ ಬಾಗಿಲಿಗೂ ಬೀಗವಿರಲಿಲ್ಲ. ಗುಬ್ಬಚ್ಚಿಯೊಂದು ಬೆಕ್ಕಿನ ಮೂತಿಯ ಮುಂದೆಯೇ ಕಾಳು ಹೆಕ್ಕುತ್ತಿತ್ತು.

ಅವನು ತೋರಿಸಿದ ಮನೆಯೊಳಗೆ ಲಲಿತಮ್ಮ ಎಂದಿನಂತೆ ಮೊದಲು ಅಡುಗೆಮನೆಗೆ ನಡೆದಳು. ಒಲೆ ಪೂರ್ವಕ್ಕಿದೆಯೇ ಎಂದು ನೋಡಿದಳು, ನಲ್ಲಿ ತಿರುಗಿಸಿದಳು.

"ಏಯ್, ಎಷ್ಟೊತ್ತೇ? ಬಾರೇ ಈಚೆಗೆ!" ಮರೀಗೌಡ ಗುಡುಗಿದ. ಈ ದನಿ ಕೇಳಿದರೆ ಸಾಕು, ಮದುವೆಯಾದಂದಿನಿಂದ ಅವಳು ಕೈಲಿದ್ದುದನ್ನು ಬಿಟ್ಟು ಓಡಿ ಬರುತ್ತಿದ್ದಳು.

ಇವತ್ತು ಅವಳು ನಿಧಾನವಾಗಿ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಅವನ ಮುಖವನ್ನು ನೆಟ್ಟಗೆ ನೋಡಿದಳು.

"ಮನೆ ಒಪ್ಪಿಗೆಯಾಯ್ತು. ಶುಕ್ರವಾರ ಹಾಲು ಉಕ್ಕಿಸ್ತೀನಿ."

"ನಾನಿನ್ನೂ ಒಪ್ಪಿಲ್ವಲ್ಲೇ!"

"ನಿಮ್ಮನ್ನ ಯಾರು ಕೇಳಿದ್ರು? ಈ ಮನೇಲಿ ಇರೋಳು ನಾನೊಬ್ಳೇ."

ಮರೀಗೌಡನಿಗೆ ಸಿಡಿಲು ಬಡಿದಂತಾಯಿತು. ಇಷ್ಟು ವರ್ಷ ಇವಳು ತನ್ನ ಜೊತೆ ಬಾಳಿದ್ದು ಬರೀ ಅಂಜಿಕೆಯಿಂದಲೇ?

ದಿನವೂ ಇದನ್ನೇ ಕಂಡವನಂತೆ ಬ್ರೋಕರ್ ಅವನ ತೋಳು ಹಿಡಿದ. "ನಿಮಗೆ ಬೇರೆ ಏರಿಯಾ ತೋರಿಸ್ಲಾ ಸಾರ್?"