ಮುಟ್ಟಲಿಲ್ಲ, ಮೇಷ್ಟ್ರೇ

“ಅಲ್ಲ ಕಣೋ ರಾಯ್ಸ್, ಹಾಗೆ ಸೊಂಟಕ್ಕೆ ನೇತುಹಾಕ್ಕೊಂಡು ಮೆರೆಯೋಕೆ ಅದೇನು ಕುಸ್ತೀಲಿ ಗೆದ್ದ ಪದಕವೇನೋ?”

ವರ್ಲಿನ್ ಶೌಚಾಲಯದಿಂದ ಬಂದು ಕೂರುತ್ತಲೇ ಆಡಿದ ಈ ಮಾತಿಗೆ ನಡೀನಳ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದವರೆಲ್ಲ ನಕ್ಕರು. ಎದುರಿಗಿದ್ದ ರಾಯ್ಸ್ ಮಾತ್ರ ನಗಲಿಲ್ಲ. ಇಬ್ಬರದೂ ಮೂವತ್ತು ವರ್ಷದ ಗೆಳೆತನ. ಪ್ರತಿ ಶನಿವಾರ ಇದೇ ಮೇಜು, ಇದೇ ಕಾಫಿ, ಇದೇ ಜಗಳ. ರಾಯ್ಸ್ ತನ್ನ ಪಿಸ್ತೂಲನ್ನು ಊರಿಗೆಲ್ಲ ಕಾಣುವ ಹಾಗೆ ಬೆಲ್ಟಿಗೆ ಸಿಕ್ಕಿಸಿಕೊಳ್ಳುವವನು. ವರ್ಲಿನ್ ಅಂಗಿಯೊಳಗೆ ಇಟ್ಟುಕೊಳ್ಳುವವನು. ಅಷ್ಟೇ ಅಲ್ಲ, ಹಾಗೆ ಇಟ್ಟುಕೊಳ್ಳುವುದು ಹೇಗೆಂದು ಹತ್ತೊಂಬತ್ತು ವರ್ಷದಿಂದ ಚರ್ಚಿನ ಸಭಾಂಗಣದಲ್ಲಿ ಪಾಠ ಹೇಳುತ್ತಿದ್ದವನು. ಪಿಸ್ತೂಲು ಕಣ್ಣಿಗೆ ಬಿದ್ದರೆ ಏನು ಮಾಡಬೇಕೆಂದು ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತಿದ್ದ. ಓಕ್ಲಹೋಮಾದ ಆ ಪುಟ್ಟ ಊರಿನಲ್ಲಿ ಮೇಷ್ಟ್ರು ಎಂದರೆ ಅವನೇ.

“ನಂದು ಕಳ್ಳನಿಗೂ ಕಾಣುತ್ತೆ, ಪೊಲೀಸಿಗೂ ಕಾಣುತ್ತೆ. ನಿಂದು ಎಲ್ಲಿದೆ ಅಂತ ಯಾರಿಗೆ ಗೊತ್ತು?” ಎಂದ ರಾಯ್ಸ್.

“ನಂಗೆ ಗೊತ್ತಲ್ಲ, ಸಾಕು,” ಎಂದು ವರ್ಲಿನ್ ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಹರವಿದ. ಮಂಗಳವಾರ ರಾಜಧಾನಿಯಲ್ಲಿ, ಶಾಸಕರ ಸಮಿತಿಯ ಮುಂದೆ ಅವನ ಭಾಷಣವಿತ್ತು. ಹೊರಗೆ ನೇತುಹಾಕಿಕೊಂಡು ತಿರುಗುವುದು ನಿಲ್ಲಬೇಕು. ತರಬೇತಿ ಪಡೆದವರಿಗೆ ಮಾತ್ರ, ಅದೂ ಅಂಗಿಯೊಳಗೆ ಮಾತ್ರ ಎಂದು ಕಾನೂನು ಆಗಬೇಕು. “ಕೇಳು, ಇಲ್ಲಿ ಚೆನ್ನಾಗಿ ಬರೆದಿದೀನಿ. ‘ಆಯುಧವು ಒಂದು ಗಳಿಗೆಯೂ ಒಡೆಯನ ಮೈಬಿಟ್ಟು ಇರಕೂಡದು. ಅಂಥ ಶಿಸ್ತು ಇಲ್ಲದವರಿಗೆ…’”

ಅಷ್ಟರಲ್ಲಿ ನಡೀನಳ ಮೊಮ್ಮಗಳು ಕೋರಾ ಹಿಂದಿನ ಶೌಚಾಲಯದ ಕಡೆಯಿಂದ ಬಂದಳು. ಆರು ವರ್ಷದ ಹುಡುಗಿ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅಜ್ಜಿಯ ಕಡೆ ತಿರುಗಿಯೂ ನೋಡದೆ, ನೇರವಾಗಿ ವರ್ಲಿನ್ ಮುಂದೆ ನಿಂತಳು.

“ಮೇಷ್ಟ್ರೇ, ನಾನು ಮುಟ್ಟಲಿಲ್ಲ.”

“ಏನು ಪುಟ್ಟಿ?”

“ಟಾಯ್ಲೆಟ್ಟಲ್ಲಿ ಪಿಸ್ತೂಲು ಇದೆ. ಫ್ಲಶ್ ಟ್ಯಾಂಕ್ ಮೇಲೆ. ನೀವು ಸ್ಕೂಲಲ್ಲಿ ಹೇಳ್ಕೊಟ್ರಲ್ಲ, ಹಂಗೇ ಮಾಡ್ದೆ. ಕೈ ಹಿಂದೆ ಕಟ್ಕೊಂಡೆ, ಆಚೆ ಬಂದೆ, ದೊಡ್ಡೋರಿಗೆ ಹೇಳ್ದೆ.”

ವರ್ಲಿನ್‌ನ ಕೈ ತಾನಾಗಿಯೇ ಅಂಗಿಯ ಮೇಲೆ ಸೊಂಟ ತಡವಿತು. ಚರ್ಮದ ಒರೆ ಇತ್ತು, ಒಳಗೆ ಏನೂ ಇರಲಿಲ್ಲ. ಕೂರುವಾಗ ಒತ್ತುತ್ತದೆಂದು ತೆಗೆದು ಟ್ಯಾಂಕಿನ ಮೇಲೆ ಇಟ್ಟಿದ್ದ. ಅಲ್ಲಿ ಮಾತ್ರ ಇಡಬೇಡಿ ಎಂಬುದೇ ಅವನ ಮೊದಲ ದಿನದ ಮೊದಲ ಪಾಠ. ಅವನ ಕಿವಿ ಕೆಂಪಾಯಿತು.

ಹೋಟೆಲಿನವರ ಕಣ್ಣೆಲ್ಲ ಮೊದಲು ಹೋದದ್ದು ರಾಯ್ಸ್‌ನ ಸೊಂಟಕ್ಕೆ. ಅವನದು ಇದ್ದಲ್ಲೇ ಇತ್ತು. ರಾಯ್ಸ್ ಗೆಳೆಯನ ಮುಖ ಒಮ್ಮೆ ನೋಡಿದ. ಆಮೇಲೆ ಕಾಫಿ ಲೋಟದ ಕಡೆ ನೋಡುತ್ತ ಗಟ್ಟಿಯಾಗಿ ಹೇಳಿದ: “ಆಗ ಎದ್ದು ಹೋದ್ನಲ್ಲ, ಆ ಲಾರಿಯವನದೇ ಇರಬೇಕು.”

ಎಲ್ಲರೂ ಲಾರಿಯವನಿಗೆ ಹಿಡಿಶಾಪ ಹಾಕಿದರು. ನಡೀನ್ ಓಡಿಬಂದು ಮೊಮ್ಮಗಳನ್ನು ತಬ್ಬಿಕೊಂಡಳು. “ಅಂಥ ಬೇಜವಾಬ್ದಾರಿ ಮುಂಡೇದು ಯಾರ ಹೊಟ್ಟೇಲಿ ಹುಟ್ಟಿತೋ! ಮೇಷ್ಟ್ರೇ, ನೀವು ಕಲಿಸದೇ ಇದ್ದಿದ್ರೆ ಇವತ್ತು ನನ್ನ ಮಗು…” ಎನ್ನುತ್ತ ಅವಳ ತಲೆ ಸವರಿದಳು. ‘ಅದು ನಂದು’ ಎನ್ನಲು ವರ್ಲಿನ್ ಬಾಯಿ ತೆರೆದ. ಮೇಜಿನ ಮೇಲೆ ಭಾಷಣದ ಹಾಳೆ ಕಂಡಿತು.

“ನಾನು ತರ್ತೀನಿ,” ಎಂದಷ್ಟೇ ಹೇಳಿ ಎದ್ದ.

ಅದು ಇಟ್ಟಲ್ಲೇ ಇತ್ತು, ಗುಂಡು ತುಂಬಿಕೊಂಡು. ಟ್ಯಾಂಕಿನ ಎತ್ತರ ಸರಿಯಾಗಿ ಕೋರಾಳ ಎದೆಮಟ್ಟ. ಅದನ್ನು ಕೈಯಲ್ಲಿ ಹಿಡಿದು ಅವನು ಒಂದು ನಿಮಿಷ ಅಲ್ಲೇ ನಿಂತ. ಹೊರಗೆ ಹೋಗಲು ನಾಚಿಕೆ, ಒಳಗೇ ನಿಲ್ಲಲೂ ನಾಚಿಕೆ. ರಾಯ್ಸ್ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊರಗೆ ಬಂದಾಗ ನಡೀನ್ ಫೋನ್ ಹಿಡಿದಿದ್ದಳು. “ಶೆರಿಫ್‌ಗೆ ಮಾಡ್ತಿದೀನಿ. ಬಂದು ಲಾರಿಯವನ ಪಿಸ್ತೂಲು ತಗೊಂಡು ಹೋಗ್ಲಿ.” ಕೋರಾ ಮೇಜಿನ ಹತ್ತಿರ ಮುಂಗೈ ಚಾಚಿಕೊಂಡು ಕಾಯುತ್ತಿದ್ದಳು. ಶಾಲೆಯಲ್ಲಿ ಪಾಠ ಸರಿಯಾಗಿ ಒಪ್ಪಿಸಿದವರ ಕೈಗೆ ಮೇಷ್ಟ್ರು ನಕ್ಷತ್ರದ ಸ್ಟಿಕ್ಕರ್ ಅಂಟಿಸುತ್ತಿದ್ದರು. ಅದು ಅವಳಿಗೆ ಮರೆತಿರಲಿಲ್ಲ.

“ನಂಗೆ ಕೊಡಲ್ವಾ?”

ಅಂಗಿಯ ಜೇಬಿನಲ್ಲಿ ಸ್ಟಿಕ್ಕರಿನ ಪಟ್ಟಿ ಇದ್ದೇ ಇತ್ತು. ಆದರೆ ಅದನ್ನು ಬಿಡಿಸಲು ಎರಡು ಕೈ ಬೇಕು. ಹತ್ತೊಂಬತ್ತು ವರ್ಷದ ಅಭ್ಯಾಸ. ವರ್ಲಿನ್ ಎಡಗೈಯಲ್ಲಿ ಅಂಗಿ ಎತ್ತಿದ, ಬಲಗೈಯಲ್ಲಿದ್ದುದನ್ನು ಸೊಂಟದ ಒರೆಗೆ ಇಳಿಬಿಟ್ಟ, ಟಕ್ ಎಂದಿತು, ಅಂಗಿ ಸರಿಮಾಡಿಕೊಂಡ. ಆಮೇಲೆ ಒಂದು ಹಳದಿ ನಕ್ಷತ್ರ ಬಿಡಿಸಿ ಮಗುವಿನ ಪುಟ್ಟ ಕೈಗೆ ಅಂಟಿಸಿದ.

ಅಂಟಿಸಿ ತಲೆ ಎತ್ತಿದಾಗ ಹೋಟೆಲಿನಲ್ಲಿ ಒಂದು ಚಮಚದ ಸದ್ದೂ ಇರಲಿಲ್ಲ. ನಡೀನಳ ಫೋನಿನಲ್ಲಿ ಯಾರೋ ‘ಹಲೋ, ಹಲೋ’ ಎನ್ನುತ್ತಿದ್ದರು. ಅವಳು ಉತ್ತರ ಕೊಡದೆ ವರ್ಲಿನ್‌ನ ಸೊಂಟವನ್ನೇ ನೋಡುತ್ತಿದ್ದಳು. ರಾಯ್ಸ್ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ.

ಕೋರಾ ತನ್ನ ನಕ್ಷತ್ರ ನೋಡಿದಳು, ಮೇಷ್ಟ್ರ ಅಂಗಿ ನೋಡಿದಳು, ಮುಖ ಅರಳಿಸಿದಳು.

“ಹೇ, ಮೇಷ್ಟ್ರೇ! ಲಾರಿಯವನ ಪಿಸ್ತೂಲು ನಿಮ್ದೇ ಅಳತೆ ಕೊಟ್ಟು ಮಾಡಿಸಿದ ಹಂಗೆ ಕೂತ್ಕೊಳ್ತಲ್ಲ!”