ಸುರಂಗದೊಳಗಿನ ಹಸಿರು ಸೀರೆ

ಪಾರ್ಕಿನ ಮಕ್ಕಳ ರೈಲು ಸುರಂಗದ ತಿರುವಿಗೆ ಬಂದಾಗ ಮೇಲಿನಿಂದ ದೆವ್ವವೊಂದು ಸರ್ರನೆ ಇಳಿಯಿತು. ಮುಖವೆಂದರೆ ಸುಣ್ಣ ಬಳಿದ ಮಡಕೆ, ಬೆನ್ನ ತುಂಬ ಕರಿ ನೂಲಿನ ಕೂದಲು. ಪೂನಮ್ ಚೀರಿ ತನ್ನ ತಂದೆಯ ತಾಯಿ ಹಣಮವ್ವನ ಮಡಿಲಿಗೆ ಬಿದ್ದಳು. “ನಮ್ಮ ಕೂಸಿಗೆ ಅಂಜಸ್ತೀ? ತಗೋ, ತಗೋ,” ಎಂದು ಹಣಮವ್ವ ದೆವ್ವಕ್ಕೆ ಎರಡೇಟು ಹೊಡೆದಳು, ಮಗು ಎಡವಿ ಬಿದ್ದಾಗ ನೆಲಕ್ಕೆ ಹೊಡೆಯುತ್ತಾರಲ್ಲ, ಹಾಗೆ. ಪೂನಮ್ ಅಳು ಬಿಟ್ಟು ನಕ್ಕಳು. ಪಕ್ಕದಲ್ಲಿ ಕೂತಿದ್ದ ಯಂಕವ್ವ, ಅವಳ ತಾಯಿಯ ತಾಯಿ, ದೆವ್ವದ ಮುಖ ನೋಡಲಿಲ್ಲ. ದೀಪ ಝಗ್ಗೆಂದು ಹೊತ್ತಿದಾಗ ಅದಕ್ಕೆ ಉಡಿಸಿದ್ದ ಹಸಿರು ಸೀರೆ ನೋಡಿದಳು.

ಕೆಂಪು ಸೆರಗು, ಕೊನೆಯ ನಾಲ್ಕು ಬೆರಳು ಮಾತ್ರ ನೇರಳೆ. ಯಂಕವ್ವ ಮಗಳು ಉಮಾಶ್ರೀಯ ಸೀಮಂತದ ಕುಬಸಕ್ಕೆಂದು ಈ ಸೀರೆಯನ್ನು ರಬಕವಿಯ ತನ್ನ ಮಗ್ಗದ ಮೇಲೆ ನೇಯುವಾಗ ಕೆಂಪು ರೇಷ್ಮೆ ಸಾಲದೆ, ಮನೆಯಲ್ಲಿದ್ದ ನೇರಳೆ ಹಾಕಿ ಮುಗಿಸಿದ್ದಳು. ಬಸುರಿ ಉಮಾಶ್ರೀ ಅದನ್ನು ಕಂಡು ನಕ್ಕಿದ್ದಳು. “ಇರ್ಲಿ ಬಿಡಬೇ, ಗುರುತಿಗಾತು. ಕಳದ್ರ ಹುಡುಕಾಕ ಬರ್ತೈತಿ.”

ಆ ಹೆರಿಗೆಯಲ್ಲಿ ಕೂಸು ಉಳಿಯಿತು, ಉಮಾಶ್ರೀ ಹೋದಳು. ಹೆಣವನ್ನು ಆಸ್ಪತ್ರೆಯಿಂದ ನೇರ ಗಂಡನ ಊರು ಹುನ್ನೂರಿಗೆ ಒಯ್ದಿದ್ದರು. ಯಂಕವ್ವ ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. “ನೀವು ನೇಯ್ದ ಸೀರಿನ ಉಡಿಸಿ ಕಳಿಸೇವ್ರಿ,” ಎಂದು ಹಣಮವ್ವ ಬೀಗತಿಯ ಕೈ ಹಿಡಿದು ಹೇಳಿದ್ದಳು. ಆ ಒಂದು ಮಾತಿನ ಮೇಲೆ ಯಂಕವ್ವ ಇಷ್ಟು ವರ್ಷ ನಿದ್ದೆ ಮಾಡಿದ್ದಳು. ಕಣ್ಣು ಮುಚ್ಚಿದರೆ ಮಗಳು ಹಸಿರು ಉಟ್ಟುಕೊಂಡು ಮಣ್ಣೊಳಗೆ ತಣ್ಣಗೆ ಮಲಗಿರುತ್ತಿದ್ದಳು.

ರೈಲು ಹೊರಗೆ ಬಂದು ನಿಂತಿತು. “ತಮ್ಮಾ, ಆ ದೆವ್ವದ ಸೀರಿ ಎಲ್ಲಿಂದು?” ಎಂದು ಯಂಕವ್ವ ರೈಲು ನಡೆಸುವ ದುಂಡೇಶನನ್ನು ಕೇಳಿದಳು.

“ಯಾಕ ಆಯಿ, ನಿಮಗೂ ಒಂದ ಬೇಕೇನು?” ಅವನು ನಕ್ಕ. “ಬ್ಯಾಸಗ್ಯಾಗ ಇದ ರೈಲಿಗೆ ಕರಡಿ, ಮೊಲ ಹಚ್ಚಿರ್ತೇವಿ. ಈಗ ಅದೇನೋ ಹ್ಯಾಲೋವೀನ್ ಅಂತ, ಫಾರಿನ್ ಮಂದಿ ದೆವ್ವದ ಹಬ್ಬ. ಮಾಲಕರು ದೆವ್ವ ಹಚ್ಚಂದ್ರು, ಹಚ್ಚೇವಿ. ಸೀರಿ ಎಲ್ಲಾ ಪಾತ್ರಿ ಮಾರೋರ ಕಡೆ ಗಂಟಿಲೆ ತಂದದ್ದು. ಹಳೀ ಸೀರಿ ಇಸಗೊಂಡು ಸ್ಟೀಲ್ ಡಬ್ಬಿ ಕೊಡ್ತಾರಲ್ರಿ, ಅವ್ರು.”

ಊಟಕ್ಕೆ ಕೂತ ಚಪ್ಪರದ ತುಂಬ ಪ್ಲಾಸ್ಟಿಕ್ ಕುಂಬಳಕಾಯಿ ತೂಗುಹಾಕಿದ್ದರು, ಕಣ್ಣು ಹಲ್ಲು ಬಿಡಿಸಿ. “ಇವಕ್ಕ ಕುಂಕುಮ ಹಚ್ಚಿಲ್ಲ, ಒಡದಿಲ್ಲ, ಸುಮ್ಮ ಹಲ್ಲ ಕಿಸದ ಇಟ್ಟಾರ ನೋಡ್ರಿ,” ಎಂದು ಹಣಮವ್ವ ಡಬ್ಬಿ ಬಿಚ್ಚಿದಳು. ಪೂನಮ್‌ಳ ಬಟ್ಟೆಯ ಚೀಲ ಹಣಮವ್ವನ ಕಾಲ ಹತ್ತಿರವೇ ಇತ್ತು. ಮೊಮ್ಮಗಳನ್ನು ದಸರಾ ರಜೆಗೆ ರಬಕವಿಗೆ ಕಳಿಸಲು ಅವಳು ಒಪ್ಪಿದ್ದು ಇದೇ ಮೊದಲು. ಊಟವಾದ ಮೇಲೆ ಚೀಲ ಯಂಕವ್ವನ ಕೈಗೆ ಬರಬೇಕಿತ್ತು.

ಪೂನಮ್ ಕೈ ತೊಳೆಯಲು ನಲ್ಲಿಯ ಕಡೆಗೆ ಓಡಿದಳು.

“ಅದ ಸೀರಿ ಐತ್ರಿ,” ಎಂದಳು ಯಂಕವ್ವ.

ಹಣಮವ್ವ ರೊಟ್ಟಿ ಮುರಿದು ಮುರಿದು ಪುಡಿ ಮಾಡಿದಳು. “ಒಮ್ಮೆ ಉಟ್ಟ ಸೀರಿ. ಒಂದ ನೀರ ಕಂಡಿದ್ದಿಲ್ಲ. ಅಂಥಾದ್ದನ್ನ ಮಣ್ಣಿಗೆ ಹಾಕಾಕ ಕೈ ಬರಲಿಲ್ರಿ. ಮುಂದ ಮಗನ ಎರಡನೇ ಹೇಂತಿ ಆಗಿ ಬಂದಾಕಿ ಉಟ್ಟಾಳು ಅಂತ ಪೆಟಗಿಯಾಗ ಇಟ್ಟೆ. ಆಕಿ ಉಡವಲ್ಲಳು. ಬಾಣಂತಿ ಸತ್ತಾಕಿದು, ಮನಿಯಾಗ ಇರೂದ ಬ್ಯಾಡ ಅಂತ ದಿನಾ ಜಗಳ. ಮೊನ್ನಿ ಪಂಚಮಿಗೆ ಪಾತ್ರಿಯವರಿಗೆ ಕೊಟ್ಟಬಿಟ್ಟೆ.”

“ಏನ ಕೊಟ್ರು ಅದಕ್ಕ?”

ಹಣಮವ್ವ ರೊಟ್ಟಿ ಡಬ್ಬಿಯ ಮುಚ್ಚಳ ಎಳೆದು ಮುಚ್ಚಿದಳು. ಡಬ್ಬಿ ಹೊಸದಾಗಿತ್ತು. ಯಂಕವ್ವನ ಬಾಯಿಯಲ್ಲಿ ಅದರ ರೊಟ್ಟಿಯ ತುತ್ತು ಇನ್ನೂ ಇತ್ತು.

“ಕೂಸಿನ ಮುಂದ ಈ ಸುದ್ದಿ ತಗೀಬ್ಯಾಡ್ರಿ, ಹೇಳಿರ್ತೇನಿ. ನಮ್ಮವ್ವ ಅಲ್ಲಿ ದೆವ್ವ ಆಗಿ ನಿಂತಾಳ ಅಂತ ತಲ್ಯಾಗ ಹೊಕ್ರ ಜಡ್ಡ ಬೀಳ್ತೈತಿ. ಹಂಗೇನರ ಆದ್ರ ನಾ ಹಿಂಗ ಹಿಂದಕ್ಕ ಕರಕೊಂಡ ಹೊಂಟೆ.” ಹಣಮವ್ವ ಕಾಲಿನಿಂದ ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಯಂಕವ್ವ ತುತ್ತು ನುಂಗಿದಳು.

ಪೂನಮ್ ಒದ್ದೆ ಕೈಯಲ್ಲಿ ಓಡಿ ಬಂದಳು. “ಇನ್ನೊಮ್ಮಿ ಹೋಗೂಣು. ರಬಕವಿ ಆಯಿ, ನೀ ಬಾ.”

“ಅಂಜಿಕಿ ಬರೂದಿಲ್ಲೇನ ನಿನಗ?”

“ಬರ್ತೈತಿ. ಬಾ.”

ಇಬ್ಬರೇ ಹತ್ತಿದರು. ತಿರುವಿನಲ್ಲಿ ರೈಲು ನಿಧಾನವಾಯಿತು. ದೆವ್ವ ಇಳಿಯಿತು. ಈ ಸಲ ಸೆರಗು ಗಾಳಿಗೆ ಬಿಚ್ಚಿಕೊಂಡು ಪೂನಮ್‌ಳ ತಲೆಯ ಮೇಲಿಂದ ಕೆನ್ನೆಯವರೆಗೆ ಸವರುತ್ತ ಬಂತು. ಹುಟ್ಟಿದಾಗಿನಿಂದ ಅವಳಿಗೆ ಆ ಸೆರಗು ತಾಗಿದ್ದು ಅದೇ ಮೊದಲು. ಅವಳು ಕಿರುಚಿ ಯಂಕವ್ವನ ಎದೆಯಲ್ಲಿ ಮುಖ ಹುದುಗಿಸಿದಳು.

“ಹೊಡಿ ಅದಕ್ಕ. ಹುನ್ನೂರ ಆಯಿ ಹೊಡದಂಗ ಹೊಡಿ.”

ಸುರಂಗದ ಬಾಯಿಯಲ್ಲಿ ಹಣಮವ್ವ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಂತು ಇತ್ತಲೇ ನೋಡುತ್ತಿದ್ದಳು.

ಯಂಕವ್ವ ಹೊಡೆದಳು. ಸೆರಗಿನಲ್ಲಿ ಮಗ್ಗದ ಗಂಜಿಯ ಬಿರುಸು ಇನ್ನೂ ಹೋಗಿರಲಿಲ್ಲ.

“ಜೋರ ಹೊಡಿ ಆಯಿ,” ಎಂದಿತು ಮಗು.