ಗೊರಕೆಯ ಪಾಲಿನ ಸರ್ವರ್

ಮನೆಗೊಂದು ಪುಟ್ಟ ಸರ್ವರ್ ಜೋಡಿಸಲು ಚಿದಂಬರನಿಗೆ ದುಡ್ಡು ಹೇಗೋ ಹೊಂದಿಕೆಯಾಗಿತ್ತು. ಸಾಲದೆ ಬಂದದ್ದು ಸದ್ದಿನ ಪಾಲು. ಶಬ್ದಕ್ಕೆ ರೇಷನ್ ಬಂದ ಮೇಲೆ ಪ್ರತಿ ಮನೆಗೂ ದಿನಕ್ಕೆ ಇಂತಿಷ್ಟೇ ಸದ್ದು ಎಂದು ನಿಗದಿಯಾಗಿತ್ತು. ಮೀರಿದರೆ ಮರುದಿನ ಬೆಳಗಿನವರೆಗೆ ಕರೆಂಟ್ ಇಲ್ಲ.

"ಒಳಗೆ ಫ್ಯಾನ್ ಇಲ್ಲದ್ದೇ ತಗೊಳ್ಳಿ ಅಂದ್ರೆ ಕೇಳಲ್ವಲ್ಲ," ಎಂದಳು ಹೆಂಡತಿ ವಾರಿಜಾ.

"ಅದಕ್ಕೆ ಎರಡರಷ್ಟು ರೇಟು ಕಣೇ. ಕುಕ್ಕರಿನ ಒಂದು ವಿಷಲ್ ಬಿಟ್ಟುಕೊಟ್ರೆ ಈ ಫ್ಯಾನು ಇಡೀ ದಿನ ಓಡತ್ತೆ."

"ಬೇಳೆ ನೀವೇ ಅಗೀತೀರಾ? ನಿಮ್ಮ ಗೊರಕೆ ಬಿಡಿ."

ಕೊನೆಗೆ ಚಿದಂಬರ ಗೊರಕೆಯ ಪಾಲನ್ನು ಫ್ಯಾನಿಗೆ ಬಿಟ್ಟುಕೊಟ್ಟು ಮಗ್ಗುಲಾಗಿ ಮಲಗಲು ಒಪ್ಪಿದ. ತಿರುಗುವ ಡಿಸ್ಕ್ ಬೇಡವೆಂದು ಸದ್ದೇ ಮಾಡದ ಎಸ್‌ಎಸ್‌ಡಿ ಹಾಕಿದ, ತಳಕ್ಕೆ ರಬ್ಬರ್ ಅಂಟಿಸಿದ. ಎಲ್ಲ ಸೇರಿ ಊಟದ ಡಬ್ಬಿಯಷ್ಟಾಯಿತು. ಅಮ್ಮನ ಮದುವೆಯ ಫೋಟೋಗಳನ್ನು ಅದಕ್ಕೆ ತುಂಬಿ, ಸಂಜೆ ಟೀವಿಯಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ.

ಅದನ್ನಿಡಲು ಖಾಲಿ ಜಾಗವಿದ್ದದ್ದು ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ ಮಾತ್ರ. ಸಂಜೆ ಟೀವಿಯನ್ನು ಮ್ಯೂಟಿನಲ್ಲಿಟ್ಟು ಪೆಟ್ಟಿಗೆಯ ಸ್ವಿಚ್ ಹಾಕಿದ. ಗೋಡೆಯ ಶಬ್ದದ ಮೀಟರಿನ ಮುಳ್ಳು ಕದಲಲಿಲ್ಲ.

"ನೋಡಿದ್ಯಾ?" ಎಂದು ವಾರಿಜಾಗೆ ಪಿಸುಗುಟ್ಟಿದ.

ಫ್ಯಾನಿನ ತಣ್ಣನೆಯ ಗಾಳಿ ಅದೇ ಸ್ಟೂಲಿನ ಮೇಲೆ ತೆರೆದಿದ್ದ ಅಮ್ಮನ ನಶ್ಯದ ಡಬ್ಬಿಯನ್ನು ಸವರಿಕೊಂಡು ಹೋಯಿತು. ಅಮ್ಮನ ಮೂಗು ಅರಳಿತು. ಅವರ ಪಾಲಿನ ಒಂದು ಸೀನು ಬೆಳಿಗ್ಗೆಯೇ ಮುಗಿದಿತ್ತು. ವಾರಿಜಾ ದಿಂಬು ಹಿಡಿದು ಓಡಿ ಬರುವಷ್ಟರಲ್ಲಿ ಎರಡನೆಯದು ಸಿಡಿಯಿತು.

ಕರೆಂಟ್ ಹೋಯಿತು. ಟೀವಿ ಆರಿತು, ಫ್ಯಾನು ನಿಂತಿತು.

ಅಮ್ಮ ಮೂಗೊರೆಸಿಕೊಂಡು ಪೆಟ್ಟಿಗೆಗೆ ಕಿವಿಯಿಟ್ಟರು. "ಪರವಾಗಿಲ್ವೋ ಚಿದು! ಓಡ್ತಿದೆ ಅಂತಲೇ ಗೊತ್ತಾಗಲ್ಲ!"